ಎನ್‌ವಿಡಿಎ: 11 ವರ್ಷ ‘ಈಗ ಬೇಡ’ ಒತ್ತಿದವನ ವಿಮರ್ಶೆ

ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುವ ಒಂದು ಪುಟ್ಟ ಸದ್ದು ಬರುತ್ತದೆ. ಅದು ಎನ್‌ವಿಡಿಎ ಶುರುವಾದ ಸದ್ದು. ಕಣ್ಣು ಕಾಣದ ನನ್ನಂಥವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ಸಾಫ್ಟ್‌ವೇರ್ ಅದು, ಸ್ಕ್ರೀನ್ ರೀಡರ್ ಅನ್ನುತ್ತಾರೆ. ಆ ಸದ್ದು ಕೇಳಿಸಿದರೆ ನನ್ನ ದಿನ ಶುರು. ಎಡಗಿವಿಗೆ ಇಯರ್‌ಫೋನ್, ಬಲಗಿವಿ ಮನೆಯವರಿಗೆ. ಪೇಪರ್‌ನ ಸೈಟ್ ತೆರೆದು ‘ಎಚ್’ ಒತ್ತುತ್ತಾ ಹೋದರೆ ಒಂದೊಂದೇ ಹೆಡ್‌ಲೈನ್ ಓದುತ್ತದೆ. ಕಾಫಿ ಆರುವುದರೊಳಗೆ ಊರಿನ ಸುದ್ದಿಯೆಲ್ಲ ಮುಗಿದಿರುತ್ತದೆ. ನಾನು ಇಟ್ಟಿರುವ ವೇಗಕ್ಕೆ ಅಮ್ಮನಿಗೆ ಅದು ಮಾತೇ ಅನ್ನಿಸುವುದಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗಿದೆ ಅನ್ನುತ್ತಾರೆ.

ಸ್ಕ್ರೀನ್ ರೀಡರ್ ಏನೆಲ್ಲ ಮಾಡುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದು ಅದರ ಒಂದು ಬಟನ್ ಬಗ್ಗೆ.

2013ರಲ್ಲಿ ಮೈಸೂರಿನ ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ಎನ್‌ವಿಡಿಎಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಇನ್‌ಸ್ಟಾಲ್ ಕೂಡ ಬೇಕಿರಲಿಲ್ಲ. ಸೈಬರ್ ಕೆಫೆಯ ವಿಂಡೋಸ್ ಕಂಪ್ಯೂಟರ್‌ಗೆ ಚುಚ್ಚಿದರೆ ಸಾಕು, ಮಾತಾಡುತ್ತಿತ್ತು. ಅದಕ್ಕೂ ಮೊದಲು ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್‌ನ ಬೆಲೆ ವಿಚಾರಿಸಿ ಬಂದ ಅಪ್ಪ ಆ ರಾತ್ರಿ ಹೆಚ್ಚು ಮಾತಾಡಿರಲಿಲ್ಲ.

ಎನ್‌ವಿಡಿಎ ಹುಟ್ಟಿದ್ದೂ ಆ ಬೆಲೆಯಿಂದಲೇ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಇದನ್ನು ಬರೆಯಲು ಶುರು ಮಾಡಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕಣ್ಣಿರುವವರು ಕಂಪ್ಯೂಟರ್‌ಗೆ ಎಷ್ಟು ಕೊಡುತ್ತಾರೋ ನಾವೂ ಅಷ್ಟೇ ಕೊಡಬೇಕು, ಮೇಲೆ ದಂಡ ಯಾಕೆ ಅನ್ನುವುದು ಅವರ ಮಾತು. ಸೋರ್ಸ್ ಕೋಡ್ ಜಿಪಿಎಲ್ ಲೈಸನ್ಸ್‌ನಲ್ಲಿ ಎಲ್ಲರಿಗೂ ತೆರೆದಿದೆ, ಅಂದರೆ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಎನ್‌ವಿ ಆಕ್ಸೆಸ್ ಅನ್ನುವ ಲಾಭ ಬಯಸದ ಸಂಸ್ಥೆ ನಡೆಸುತ್ತದೆ. ಮೊಜಿಲ್ಲಾ, ಮೈಕ್ರೋಸಾಫ್ಟ್‌ನಂಥವರು ಹಣ ಕೊಟ್ಟಿದ್ದಾರೆ. ಕಲಿಯುವ ಪುಸ್ತಕಗಳನ್ನು ಬೇರೆಯಾಗಿ ಮಾರುತ್ತಾರೆ. ಉಳಿದಿದ್ದು ನಮ್ಮಂಥವರ ದೇಣಿಗೆ.

ಬಟನ್ ಬರುವುದು ಅಲ್ಲೇ. ಅಪ್‌ಡೇಟ್ ಇಳಿಸಿಕೊಳ್ಳುವಾಗ ದೇಣಿಗೆ ಕೊಡುತ್ತೀರಾ ಅಂತ ಕೇಳುತ್ತದೆ. ಪಕ್ಕದಲ್ಲೇ ‘ಈಗ ಬೇಡ’. ವರ್ಷಕ್ಕೆ ಮೂರೋ ನಾಲ್ಕೋ ಸಲ, 11 ವರ್ಷ ಅದನ್ನೇ ಒತ್ತಿದೆ. ಓದುವಾಗ ಕೈಯಲ್ಲಿ ಕಾಸಿರಲಿಲ್ಲ, ಸರಿ. ಕೆಲಸ ಸಿಕ್ಕಿದ ಮೇಲೂ ಒತ್ತುತ್ತಿದ್ದೆ. ಬೆರಳಿಗೆ ಅಭ್ಯಾಸ ಆಗಿಬಿಟ್ಟಿತ್ತು.

ಕಳೆದ ವರ್ಷ ಮನಸ್ಸು ಮಾಡಿದೆ. ಮೊದಲ ಸಲ ಹಣ ಹೋಗಲಿಲ್ಲ. ಕಾರ್ಡ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಬೇಕಿತ್ತು. ಎರಡನೇ ಸಲ ಹೋಯಿತು. ಸುಮಾರು 500 ರೂಪಾಯಿ.

ಆಮೇಲೆ? ಏನೂ ಇಲ್ಲ. ಅದೇ ಸದ್ದು, ಅದೇ ಮೆನು. ಎನ್‌ವಿಡಿಎ ಜೊತೆಗೇ ಬರುವ, ಕನ್ನಡ ಓದುವ ಇಸ್ಪೀಕ್ ಅನ್ನುವ ಕಂಪ್ಯೂಟರ್ ದನಿ ಅದೇ ತಗಡು ಬಡಿದ ಹಾಗೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ದೇವಸ್ಥಾನದಲ್ಲಿ ವಿಶೇಷ ದರ್ಶನದ ಚೀಟಿ ತೆಗೆದುಕೊಂಡರೆ ಸಾಲಾದರೂ ಬೇರೆ ಇರುತ್ತದೆ. ದುಡ್ಡು ಕೊಟ್ಟವನಿಗೆ ಒಂದಿಷ್ಟು ಜಾಸ್ತಿ ಸಿಗಬೇಕು ಅಂತ ನಾನೂ ಒಳಗೊಳಗೇ ಕಾಯುತ್ತಿದ್ದೆ ಅಂತ ಆವತ್ತೇ ಗೊತ್ತಾಗಿದ್ದು.

ಅದೇ ತಿಂಗಳು ನಂಜನಗೂಡು ಕಡೆಯ ಪಿಯುಸಿ ಹುಡುಗನೊಬ್ಬನಿಗೆ ಫೋನ್‌ನಲ್ಲಿ ಎನ್‌ವಿಡಿಎ ಹೇಳಿಕೊಟ್ಟೆ. “ಇನ್ಸರ್ಟ್ ಹಿಡ್ಕೊಂಡು ಎಫ್7 ಒತ್ತು. ಲಿಂಕ್‌ಗಳ ಪಟ್ಟಿ ಬಂತಾ?” “ಬಂತು ಅಣ್ಣ.” “ಇನ್ಸರ್ಟ್, ಎಫ್12?” “ಟೈಮ್ ಹೇಳ್ತು ಅಣ್ಣ.” ಯಾರೋ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಅವನದು. ಒಂದು ಗಂಟೆ ಮಾತಾಡಿದೆವು. ‘ಇದು ನನ್ನದರಲ್ಲಿ ಇಲ್ವಲ್ಲ ಅಣ್ಣ’ ಅಂತ ಅವನು ಒಮ್ಮೆಯೂ ಹೇಳಲಿಲ್ಲ. ನನ್ನ 500 ರೂಪಾಯಿಯ ಬೇಜಾರು ಎಲ್ಲಿ ಹೋಯಿತೋ.

ಹಾಗಂತ ಎಲ್ಲ ಸಮ ಅಂತ ಅಲ್ಲ. ಮನುಷ್ಯರ ಹಾಗೆ ಓದುವ ದನಿಗಳನ್ನು ಬೇರೆ ಕಂಪನಿಗಳು ಮಾರುತ್ತವೆ, ಕೊಂಡು ಸೇರಿಸಿಕೊಳ್ಳಬಹುದು. ಕಿವಿಗೆ ಹಿತ ಬೇಕಿದ್ದರೆ ಅಲ್ಲಿ ಮತ್ತೆ ಕಾಸು. ನಾನು ಕೊಂಡಿಲ್ಲ, ತಗಡಿಗೆ ಕಿವಿ ಒಗ್ಗಿದೆ. ಇನ್ನು ನಮ್ಮ ಆಫೀಸಿಗೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರುವ ಸುತ್ತೋಲೆಗಳು! ‘ಕನ್ನಡ’ ಅನ್ನುವ ಪದದ ಮೇಲೆ ಒಂದೊಂದೇ ಅಕ್ಷರ ಸರಿದರೆ ‘ಪಿ, ಎ ಗ್ರೇವ್, ಪೌಂಡ್’ ಅಂತ ಓದುತ್ತದೆ. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಆ ಚಿಹ್ನೆಗಳೇ, ಪಾಪ ಎನ್‌ವಿಡಿಎ ಏನು ಮಾಡೀತು. ಪಕ್ಕದ ಮೇಜಿನವರನ್ನು ಕರೆದು ಓದಿಸಿಕೊಳ್ಳುತ್ತೇನೆ.

ಪರದೆ ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಇದೆಯಲ್ಲ, ಅದು ನನಗೆ ಪ್ರಾಣ. ಸಂಬಳದ ಲೆಕ್ಕ ನೋಡುವಾಗ ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಒಂದು ದಿನ ನಮ್ಮ ಅಟೆಂಡರ್ ಕಂಪ್ಯೂಟರ್ ಆಫ್ ಆಗಿದೆ ಅಂದುಕೊಂಡು ಸ್ವಿಚ್ಚೇ ತೆಗೆದುಬಿಟ್ಟಿದ್ದರು.

ಜೂನ್‌ನಲ್ಲಿ ಮಗಳ ಶಾಲೆಯ ಫೀಸು ಕಟ್ಟಿದೆ. ಅದರ ಮರುದಿನವೇ ಅಪ್‌ಡೇಟ್ ಇಳಿಸಲು ಹೋದೆ, ದೇಣಿಗೆ ಕೇಳಿತು. ‘ಈಗ ಬೇಡ’ ಒತ್ತಿದೆ. ಡೌನ್‌ಲೋಡ್ ಶುರುವಾಯಿತು.