ಫಾಲ್ಸ್ ಸೀಲಿಂಗ್ ಮೇಲೇನಿದೆ ಎಂದು ನೋಡದೆ ಮನೆ ಕೊಳ್ಳಬೇಡಿ

ಕಾಗದಪತ್ರ ಸರಿಯಿದೆ, ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ, ತಪಾಸಣೆಯ ವರದಿಯೂ ಕೈಯಲ್ಲಿದೆ. ಹಳೆಯ ಮನೆ ಕೊಳ್ಳಲು ಹೊರಟವರು ಈ ಮೂರು ಮಾತುಗಳನ್ನು ಒಟ್ಟಿಗೆ ಕೇಳಿದರೆ ಧೈರ್ಯ ಬರುವುದು ಸಹಜ. ನಮಗೂ ಬಂತು. ವಿಚಿತ್ರವೆಂದರೆ ಆ ಮೂರರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಮನೆ ಮಾತ್ರ ಒಳಗಿನಿಂದ ಕೆಟ್ಟಿತ್ತು.

ಅದು ಎರಡು ಅಂತಸ್ತಿನ ಮನೆ. ಕೆಲವು ಕಾಲದಿಂದ ಖಾಲಿ ಬಿದ್ದಿತ್ತು. ಮಾರುವ ಮುನ್ನ ಒಳಗೂ ಹೊರಗೂ ಹೊಸ ಬಣ್ಣ ಬಳಿಸಿದ್ದರು. ಕೆಳಗಿನ ಹಜಾರಕ್ಕೆ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್ ಹಾಕಿಸಿ, ಅದರಲ್ಲಿ ಸಾಲಾಗಿ ದೀಪಗಳನ್ನು ಕೂರಿಸಿದ್ದರು. "ಮಾರಿ ಹೋಗುವ ಮನೆಗೆ ಇಷ್ಟೊಂದು ಖರ್ಚು ಯಾಕೆ ಮಾಡಿದರಪ್ಪ?" ಎಂದು ನನ್ನ ಅತ್ತೆ ಕೇಳಿದ್ದರು. "ನಿಮ್ಮಂಥವರು ಬರುತ್ತೀರಿ ಅಂತಲೇ ಮಾಡಿಸಿದ್ದು ಅಮ್ಮಾ" ಎಂದು ಮಧ್ಯವರ್ತಿ ನಕ್ಕಿದ್ದರು. ಅವರು ಹೇಳಿದ ಮಾತುಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು ಅದೇ ಎಂದು ಈಗ ಅನಿಸುತ್ತದೆ.

ನಾವು ಬಂದು ನೆಲೆಸಿದ ಮೇಲೆ ಮಹಡಿಯ ಬಚ್ಚಲುಮನೆ ದಿನವೂ ಬಳಕೆಯಾಗತೊಡಗಿತು. ಕೆಲವೇ ವಾರಗಳಲ್ಲಿ ಹಜಾರದ ಒಂದು ದೀಪದ ಸುತ್ತ ಕಂದು ಬಣ್ಣದ ಕಲೆ ಮೂಡಿತು. ಎಲೆಕ್ಟ್ರಿಷಿಯನ್ ಬಂದು ದೀಪ ಬಿಚ್ಚಿದಾಗ ಆ ತೂತಿನಿಂದ ಒದ್ದೆ ಮರಳಿನಂಥ ಪುಡಿ ಉದುರಿತು. ಆತ ಮೊಬೈಲ್ ಅನ್ನು ತೂತಿನೊಳಗೆ ತೂರಿಸಿ ವಿಡಿಯೊ ತೆಗೆದು ತೋರಿಸಿದ. ಜಿಪ್ಸಂ ಹಲಗೆಯ ಮೇಲೆ ಕಾಂಕ್ರೀಟಿನ ಚೂರುಗಳು ಹರಡಿಕೊಂಡಿದ್ದವು. ಆ ಭಾಗದ ಹಲಗೆಯನ್ನು ಪೂರ್ತಿ ಇಳಿಸಿದೆವು. ಅಂಗೈಯಗಲದ ಒಂದು ಚೂರು ಈಗಲೂ ನನ್ನ ಬಳಿ ಇದೆ. ಅದರ ಒಂದು ಮಗ್ಗುಲಲ್ಲಿ ಕಬ್ಬಿಣದ ಸರಳಿನ ಗೀರುಗಳು ಅಚ್ಚೊತ್ತಿವೆ; ಆ ಅಚ್ಚಿನ ತುಂಬ ತುಕ್ಕಿನ ಕೆಂಪು. ಮೇಲೆ ಛಾವಣಿಯ ಸರಳುಗಳು ಬರಿದಾಗಿ ಕಾಣುತ್ತಿದ್ದವು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತಿದ್ದವು.

ನನ್ನನ್ನು ಕೆರಳಿಸಿದ್ದು ತುಕ್ಕಲ್ಲ. ಫಾಲ್ಸ್ ಸೀಲಿಂಗನ್ನು ತೂಗುಹಾಕಿದ ತಂತಿಗಳಿಗೆ ತೂತು ಕೊರೆದದ್ದು ಆ ಬರಿಯ ಸರಳುಗಳ ನಡುವೆಯೇ. ಸರಳುಗಳು ಕಾಣದ ಹಾಗೆ ಅಲ್ಲಲ್ಲಿ ತೆಳ್ಳಗೆ ಸಿಮೆಂಟ್ ಸವರಿದ ಗುರುತೂ ಇತ್ತು. ಆ ಕೆಲಸ ಮಾಡಿದವರಿಗೂ ಮಾಡಿಸಿದವರಿಗೂ ಛಾವಣಿ ಯಾವ ಸ್ಥಿತಿಯಲ್ಲಿತ್ತು ಎಂಬುದು ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಬಳಿಕ ನಾವೇ ಹುಡುಕಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಆಕೆ ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ಛಾವಣಿಯುದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು. ಕಾಂಕ್ರೀಟ್ ಒಳಗೊಳಗೇ ಬಿಟ್ಟುಕೊಂಡಿದ್ದಲ್ಲಿ ಪೊಳ್ಳು ಸದ್ದು. ಪೊಳ್ಳು ಕೇಳಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದರು. ಕೆಳಗಿಳಿದು ನೋಡಿದರೆ ಗೆರೆಗಳೆಲ್ಲ ಸೇರಿ ಮೇಲಿನ ಬಚ್ಚಲುಮನೆಯ ಆಕಾರವೇ ಮೂಡಿತ್ತು. ಆಮೇಲೆ ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು. ಆರೋಗ್ಯವಾದ ಕಾಂಕ್ರೀಟ್ ತೀಕ್ಷ್ಣ ಕ್ಷಾರ; ಅದರ ಪಿಎಚ್ 12ಕ್ಕಿಂತ ಹೆಚ್ಚಿರುತ್ತದೆ, ಅದು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದಂತೆ ಪಿಎಚ್ 9ರ ಆಸುಪಾಸಿಗೆ ಕುಸಿಯುತ್ತದೆ, ಬಣ್ಣ ಬರುವುದಿಲ್ಲ. ನಮ್ಮ ಛಾವಣಿಯಲ್ಲಿ ಸರಳುಗಳ ಮಟ್ಟದವರೆಗೂ ಬಣ್ಣ ಬರಲಿಲ್ಲ. "ಕ್ಷಾರ ಇರುವವರೆಗೆ ಕಬ್ಬಿಣಕ್ಕೆ ಅದೇ ರಕ್ಷೆ ಸರ್. ಅದು ಹೋದ ಮೇಲೆ ನೀರು ಸಿಕ್ಕಿದರೆ ತುಕ್ಕು ಹಿಡಿಯುವುದನ್ನು ತಡೆಯುವವರಿಲ್ಲ" ಎಂದರು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಸೀಳಿ ಉದುರುತ್ತದೆ.

ನೀರು ಬಂದದ್ದು ಬಚ್ಚಲುಮನೆಯ ನೆಲದಿಂದ. ಕೊಳವೆಗಳಿಗೆ ಜಾಗ ಬಿಡಲು ಅಲ್ಲಿ ಛಾವಣಿಯನ್ನು ತಗ್ಗಿಸಿ, ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿದ್ದರು. ಜಲನಿರೋಧಕ ಪದರ ಹಾಳಾದ ಮೇಲೆ ಆ ತಗ್ಗು ನೀರು ನಿಲ್ಲುವ ತೊಟ್ಟಿಯಾಗಿತ್ತು. ಮನೆ ಖಾಲಿ ಇದ್ದ ಕಾಲದಲ್ಲಿ ಅದು ಒಣಗಿತ್ತು. ನಾವು ನೋಡಲು ಹೋದಾಗ ತೇವದ ವಾಸನೆಯೂ ಇರಲಿಲ್ಲ, ಕಲೆಯೂ ಇರಲಿಲ್ಲ. ಖಾಲಿ ಮನೆ ಇಂಥ ರೋಗಗಳನ್ನು ಬಚ್ಚಿಡುತ್ತದೆ.

ಹಾಗಾದರೆ ಕೊಳ್ಳುವ ಮುನ್ನ ನೋಡಿದವರೆಲ್ಲ ಏನು ನೋಡಿದರು? ವಕೀಲರು ಹಕ್ಕುಪತ್ರ ನೋಡಿದರು. ಅವರ ಕೆಲಸ ಅದೇ. ಬ್ಯಾಂಕಿನ ಮೌಲ್ಯಮಾಪಕರು ಅಳತೆ ತೆಗೆದುಕೊಂಡು, ಕೋಣೆಗೊಂದು ಫೋಟೊ ತೆಗೆದು ಹೋದರು. ಕೊಟ್ಟ ಸಾಲ ಮುಳುಗಿದರೆ ಮನೆ ಮಾರಿ ಹಣ ವಾಪಸು ಬರುತ್ತದೆಯೇ ಎಂಬುದಷ್ಟೇ ಅವರ ಲೆಕ್ಕ. ನಾವು ಆ ಛಾವಣಿಯ ಕೆಳಗೆ ಮಲಗುತ್ತೇವೆ ಎಂಬುದು ಅದರಲ್ಲಿ ಬರುವುದಿಲ್ಲ. ಇನ್ನು ತಪಾಸಣೆಯ ವರದಿ. ಅದನ್ನು ಬರೆದಾತ ಮಧ್ಯವರ್ತಿಯೇ ಕರೆತಂದ ಎಂಜಿನಿಯರ್. ವ್ಯವಹಾರ ಮುರಿದುಬಿದ್ದರೆ ಮಧ್ಯವರ್ತಿಗೆ ಕಮಿಷನ್ ಇಲ್ಲ. ವ್ಯವಹಾರ ಮುರಿಯುವ ವರದಿ ಬರೆಯುವ ಎಂಜಿನಿಯರಿಗೆ ಮುಂದಿನ ಕರೆಯಿಲ್ಲ. ಇದರಲ್ಲಿ ಲಂಚ ಕೊಟ್ಟು ತೆಗೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಆದರೂ ಆ ವರದಿಯನ್ನು ಮತ್ತೆ ಓದಿದಾಗ ಅದರಲ್ಲಿ ಸುಳ್ಳು ಸಿಗಲಿಲ್ಲ. "ಕಾಣುವ ಭಾಗಗಳಲ್ಲಿ ದೋಷ ಕಂಡುಬಂದಿಲ್ಲ" ಎಂದು ಮೊದಲ ಪುಟದಲ್ಲಿತ್ತು. ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, "ಫಾಲ್ಸ್ ಸೀಲಿಂಗ್ ಮೇಲ್ಭಾಗ, ಟೈಲ್ಸ್ ಅಡಿಯ ಭಾಗ, ಗೋಡೆಯೊಳಗಿನ ಕೊಳವೆ ಮತ್ತು ತಂತಿಗಳನ್ನು ಪರಿಶೀಲಿಸಿಲ್ಲ" ಎಂದಿತ್ತು. ಮನೆಯ ರೋಗಗಳೆಲ್ಲ ಆ ಒಂದು ವಾಕ್ಯದೊಳಗೆ ಇದ್ದವು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಳ್ಳೆಯ ತಪಾಸಕರೂ ಗೋಡೆ ಒಡೆದು ನೋಡುವುದಿಲ್ಲ. ಅದು ಇನ್ನೂ ನಿಮ್ಮ ಮನೆಯಲ್ಲ, ಒಡೆಯುವ ಹಕ್ಕು ಅವರಿಗಿಲ್ಲ. ಆದ್ದರಿಂದ ಎಂಥ ಪ್ರಾಮಾಣಿಕ ವರದಿಯಲ್ಲೂ ಈ ವಾಕ್ಯ ಇದ್ದೇ ಇರುತ್ತದೆ. ವರದಿ ಕೈಗೆ ಬಂದ ಕೂಡಲೇ ಮೊದಲು ಅದನ್ನು ಹುಡುಕಿ ಓದಿ. "ಪರಿಶೀಲಿಸಿಲ್ಲ" ಎಂದಿರುವ ಒಂದೊಂದು ಜಾಗವನ್ನೂ ತೋರಿಸಲು ಮಾರುವವರನ್ನು ಕೇಳಿ. ಫಾಲ್ಸ್ ಸೀಲಿಂಗಿನ ಒಂದು ದೀಪ ಬಿಚ್ಚಿ ಕ್ಯಾಮೆರಾ ತೂರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಮೊಳೆ ಹೊಡೆಯುವುದೂ ಬೇಡ. "ಹೊಸ ಕೆಲಸ, ಹಾಳಾಗುತ್ತದೆ" ಎಂದು ತಡೆದರೆ ಅಲ್ಲಿ ಏನೋ ಇದೆ ಎಂದೇ ತಿಳಿಯಿರಿ. ಇದರಲ್ಲಿ ನನಗೆ ಯಾವ ದಾಕ್ಷಿಣ್ಯವೂ ಉಳಿದಿಲ್ಲ.

ಬಚ್ಚಲುಮನೆಗೆ ನೀರು ನಿಲ್ಲಿಸಿ ನೋಡುವ ಪರೀಕ್ಷೆಯಿದೆ. ನೀರು ಹೋಗುವ ಬಾಯಿ ಮುಚ್ಚಿ, ನೆಲದ ಮೇಲೆ ಒಂದೆರಡು ಅಂಗುಲ ನೀರು ಕಟ್ಟಿ, ಕನಿಷ್ಠ 24 ಗಂಟೆ ಬಿಟ್ಟು ಕೆಳಗಿನ ಛಾವಣಿ ನೋಡುವುದು. ಖಾಲಿ ಮನೆಯಾದರೆ ಇದನ್ನು ಕೇಳಲೇಬೇಕು. ಥರ್ಮಲ್ ಕ್ಯಾಮೆರಾ ತಂದು ಬಣ್ಣ ಬಣ್ಣದ ಚಿತ್ರ ತೋರಿಸುವವರಿದ್ದಾರೆ. ಅದು ಅಳೆಯುವುದು ಮೇಲ್ಮೈಯ ಉಷ್ಣತೆಯನ್ನು, ನೀರನ್ನಲ್ಲ. ಒಣಗಿದ ಸೋರಿಕೆ ಅದಕ್ಕೆ ಕಾಣುವುದಿಲ್ಲ.

ವಿದ್ಯುತ್ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಛಾವಣಿಯ ಗಲಾಟೆಯಲ್ಲಿ ಸ್ವಿಚ್ ಬೋರ್ಡುಗಳನ್ನೂ ಬಿಚ್ಚಿಸಿದೆವು. ಮೂರು ಪಿನ್ನಿನ ಸಾಕೆಟ್ ಇತ್ತು, ಅರ್ಥಿಂಗ್ ತಂತಿ ಇರಲಿಲ್ಲ. ಮೂರನೆಯ ತೂತು ಬರೀ ಅಲಂಕಾರ. ಸೋರಿಕೆ ವಿದ್ಯುತ್ತನ್ನು ಕಡಿದುಹಾಕುವ 30 ಮಿಲಿಆಂಪಿಯರ್ ಸಾಧನದ ಟೆಸ್ಟ್ ಗುಂಡಿ ಒತ್ತಿದರೆ ಅದು ಸರಿಯಾಗಿಯೇ ಬೀಳುತ್ತಿತ್ತು. ಆ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ. ಅದಕ್ಕೆ ಬೇರೆ ಮೀಟರ್ ಬೇಕು, ಅದನ್ನು ಬಲ್ಲವರೇ ಬೇಕು.

ಮಾರಿದವರಿಗೆ ಫೋಟೊಗಳನ್ನು ಕಳುಹಿಸಿದಾಗ ಬಂದ ಉತ್ತರ ಒಂದು ಸಾಲು: ಕರಾರಿನಲ್ಲಿ "ಈಗಿರುವ ಸ್ಥಿತಿಯಲ್ಲಿ" ಎಂದಿದೆಯಲ್ಲ. ಅವರಿಗೆ ಗೊತ್ತಿತ್ತು ಎಂದು ತೋರಿಸುವ ಹೊಣೆ ನಮ್ಮ ಮೇಲೆಯೇ ಬಿದ್ದಿದೆ. ಹಲಗೆಯ ಮೇಲಿನ ಚೂರುಗಳನ್ನೂ ಸಿಮೆಂಟ್ ಸವರಿದ ಜಾಗಗಳನ್ನೂ ದುರಸ್ತಿಗೆ ಮುನ್ನ ದಿನಾಂಕ ಸಹಿತ ಚಿತ್ರೀಕರಿಸಿ ಇಟ್ಟಿದ್ದೇವೆ. ಮುಂದೇನಾಗುತ್ತದೋ ನೋಡಬೇಕು. ಈಗ ಹಜಾರದ ತುಂಬ ಕಬ್ಬಿಣದ ಆನಿಕೆಗಳು ನಿಂತಿವೆ. ಅವುಗಳ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋಗುತ್ತೇವೆ.

ನೀವು ಕರಾರು ಬರೆಸುವ ಹಂತದಲ್ಲಿದ್ದರೆ ವಕೀಲರಿಗೆ ಹೇಳಿ ಒಂದು ಷರತ್ತು ಸೇರಿಸಿ: ಕೊಳ್ಳುವವರು ಆರಿಸಿದ ಎಂಜಿನಿಯರ್ ತಪಾಸಣೆ ಮಾಡಬೇಕು, ಮುಚ್ಚಿದ ಭಾಗ ತೆರೆದು ತೋರಿಸಬೇಕು, ದೊಡ್ಡ ದೋಷ ಕಂಡರೆ ಮುಂಗಡ ಪೂರ್ತಿ ವಾಪಸು ಬರಬೇಕು. ತಪಾಸಕರ ಶುಲ್ಕವನ್ನು ನೀವೇ ಕೊಡಿ. ವರದಿ ಮಧ್ಯವರ್ತಿಯ ಕೈ ಹಾಯದೆ ನೇರವಾಗಿ ನಿಮಗೇ ಬರಲಿ. ತಪಾಸಣೆಯ ದಿನ ನೀವೂ ಜೊತೆಗಿರಿ. ಅವರು ಎಲ್ಲಿ ನಿಂತು ಎರಡನೆಯ ಸಲ ತಟ್ಟುತ್ತಾರೆ ಎಂಬುದನ್ನು ಗಮನಿಸಿ, ಯಾಕೆ ಎಂದು ಅಲ್ಲಿಯೇ ಕೇಳಿ.