25ಕ್ಕೆ ಇಡಲೋ, 40ಕ್ಕೆ ಇಡಲೋ: ಪ್ಲಾಸ್ಮಾ ಕಟರ್‌ನಲ್ಲಿ ಕಬ್ಬಿಣದ ತಗಡು ಕತ್ತರಿಸಿ ನೋಡಿದ್ದು

ಪ್ಲಾಸ್ಮಾ ಕಟರ್ ಅಂದರೆ ಕರೆಂಟಿನ ಆರ್ಕ್ (ಉರಿಯುವ ಕಿಡಿ) ಮತ್ತು ಒತ್ತಡದ ಗಾಳಿಯಿಂದ ಲೋಹ ಕರಗಿಸಿ ಕತ್ತರಿಸುವ ಯಂತ್ರ. ಅದರಲ್ಲಿ ತಿರುಗಿಸುವುದಕ್ಕೆ ಇರುವುದು ಎರಡೇ ಗುಂಡಿ. ಒಂದು ಕರೆಂಟಿನದು, ಇನ್ನೊಂದು ಗಾಳಿಯದು. ಮೂರನೆಯದು ನಮ್ಮ ಕೈ. ಅದರ ಮೇಲೆ ಅಂಕಿ ಬರೆದಿರುವುದಿಲ್ಲ, ಹಾಗಾಗಿ ತಪ್ಪೆಲ್ಲ ಆ ಎರಡು ಗುಂಡಿಗಳ ತಲೆಗೇ ಹೋಗುತ್ತದೆ. ನಾನೂ ಬಹಳ ದಿನ ಅದನ್ನೇ ಮಾಡಿದೆ. ಅಂಚಿನ ಕೆಳಗೆ ಕಿಟ್ಟ (ಕರಗಿ ಅಲ್ಲೇ ಗಟ್ಟಿಯಾದ ಲೋಹ) ನೇತಾಡಿದರೆ ಕರೆಂಟ್ ಏರಿಸುವುದು, ತಗಡು ಸೊಟ್ಟಗಾದರೆ ಇಳಿಸುವುದು. ಕೊನೆಗೆ ರೇಗಿಹೋಯಿತು. ಒಂದು ಭಾನುವಾರ 1.2, 3 ಮತ್ತು 6 ಮಿಲಿಮೀಟರ್ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಕತ್ತರಿಸುತ್ತಾ ಹೋದೆ. ಪ್ರತಿ ಕಟ್‌ ಪಕ್ಕ ಸೀಮೆಸುಣ್ಣದಲ್ಲಿ ಆಂಪಿಯರ್ ಎಷ್ಟು, ಗಾಳಿ ಎಷ್ಟು ಅಂತ ಬರೆದೆ. ಯಂತ್ರ 40 ಆಂಪಿಯರ್‌ನದು, ಟಾರ್ಚ್, ಅಂದರೆ ಆರ್ಕ್ ಹೊರಬರುವ ಹಿಡಿ, ಕೈಯಲ್ಲಿ ಹಿಡಿಯುವಂಥದ್ದು.

ಮೊದಲು ಗಾಳಿ. ಅದು ಸರಿಯಿಲ್ಲದೆ ಬೇರೆ ಯಾವ ಹೋಲಿಕೆಗೂ ಅರ್ಥವಿಲ್ಲ. ಈ ಗಾತ್ರದ ಯಂತ್ರಗಳು ಸಾಮಾನ್ಯವಾಗಿ ಕೇಳುವುದು 4.5ರಿಂದ 5 ಬಾರ್, ಅಂದರೆ ಸುಮಾರು 65ರಿಂದ 73 ಪಿಎಸ್‌ಐ. ನಾನೂ 5ಕ್ಕೇ ಇಟ್ಟಿದ್ದೆ. ಆದರೆ ಗಾಳಿ ನಿಂತಿರುವಾಗ ನೋಡಿ ಇಟ್ಟಿದ್ದೆ! ಟ್ರಿಗರ್ ಒತ್ತಿ ಗಾಳಿ ಹರಿಯಲು ಬಿಟ್ಟರೆ ಮುಳ್ಳು 4ರ ಕೆಳಗೆ ಬಂದು ಕೂತಿತು. ಇಷ್ಟು ದಿನ ಕತ್ತರಿಸಿದ್ದು ಆ ಸೊರಗಿದ ಗಾಳಿಯಲ್ಲಿ.

ಆಮೇಲೆ ಗಾಳಿ ಹರಿಯುವಾಗಲೇ ಅಳೆದು ಮೂರು ಒತ್ತಡ ನೋಡಿದೆ. 3.5ರಲ್ಲಿ ಆರ್ಕ್ ದಪ್ಪಗಾಗಿ ಕಟ್ ಅಗಲವಾಯಿತು, ಕರಗಿದ ಲೋಹ ಕೆಳಗೆ ಹಾರದೆ ಅಂಚಿಗೇ ಮೆತ್ತಿಕೊಂಡಿತು. 6ರಲ್ಲಿ ಆರ್ಕ್ ಹೊತ್ತಿಕೊಳ್ಳುವುದಕ್ಕೇ ತಕರಾರು. ದೀಪವನ್ನು ಊದಿದ ಹಾಗೆ ಎರಡು ಸಲ ಆರಿಹೋಯಿತು. 4.8ರ ಹತ್ತಿರ ಎಲ್ಲ ಸದ್ದು ಅಡಗಿ ಒಂದೇ ಸಮನೆ ಸಿಳ್ಳೆಯಂಥ ಶಬ್ದ ಬಂತು. ಅಲ್ಲಿಗೇ ಬಿಟ್ಟೆ. ಇನ್ನೊಂದು ಮಾತು. ಕಂಪ್ರೆಸರ್ ಟ್ಯಾಂಕ್ ಚಿಕ್ಕದಾದರೆ ಉದ್ದದ ಕಟ್‌ನಲ್ಲಿ ಕೊನೆಯ ಒಂದು ಗೇಣು ಮಾತ್ರ ಗಲೀಜಾಗುತ್ತದೆ. ಅದು ಕೈಯ ತಪ್ಪಲ್ಲ, ಟ್ಯಾಂಕ್ ಖಾಲಿಯಾಗಿರುತ್ತದೆ. ನಡುವೆ ನಿಲ್ಲಿಸಿ ತುಂಬಲು ಬಿಡುವುದೇ ದಾರಿ. ಟ್ಯಾಂಕಿನ ನೀರನ್ನೂ ಬಿಡಬೇಕು. ಗಾಳಿಯಲ್ಲಿ ತೇವ ಇದ್ದರೆ ಆರ್ಕ್ ಪಟಪಟ ಅನ್ನುತ್ತದೆ, ಎಲೆಕ್ಟ್ರೋಡ್ (ಟಾರ್ಚಿನೊಳಗೆ ಆರ್ಕ್ ಹೊರಡುವ ಲೋಹದ ತುಂಡು) ಬೇಗ ಸವೆಯುತ್ತದೆ.

ಈಗ ನಿಜವಾದ ಜಗಳ: 1.2 ಮಿಮೀ ತಗಡಿಗೆ 25 ಆಂಪಿಯರೋ, 40ರೋ? ತೆಳು ತಗಡಿಗೆ ಕಮ್ಮಿ ಕರೆಂಟ್ ಅನ್ನುವುದು ಸಹಜ. ಕೈ ಬೀಸಿ ಎಳೆದ ಕಟ್‌ನಲ್ಲಿ ಅದೇ ಗೆದ್ದಿತು. 25ರಲ್ಲಿ ಸಣ್ಣ ಗೆರೆ, ಕೆಳಗೆ ತುಸು ಕಿಟ್ಟ, ಸುತ್ತಿಗೆಯ ತುದಿಯಲ್ಲಿ ತಟ್ಟಿದರೆ ಉದುರುವಷ್ಟು. 40ರಲ್ಲಿ ಒಂದು ಚಿಕ್ಕ ಬಳುಕು ತೆಗೆಯಲು ಕೈ ಒಂದು ಕ್ಷಣ ತಡೆದರೆ ಅಲ್ಲಿ ತೂತು.

ಆದರೆ ಕಬ್ಬಿಣದ ಪಟ್ಟಿಯೊಂದನ್ನು ಕ್ಲ್ಯಾಂಪ್ ಹಾಕಿ, ಅದಕ್ಕೆ ಟಾರ್ಚ್ ಒರಗಿಸಿ ನೇರವಾಗಿ ಎಳೆದಾಗ ಆಟವೇ ತಿರುಗಿತು. ಪಟ್ಟಿಯ ಧೈರ್ಯದಲ್ಲಿ ಕೈ ಸರ್ರನೆ ಓಡಿತು. 40ರಲ್ಲಿ ಎಳೆದ ತಗಡು ಮಟ್ಟವಾಗಿಯೇ ಉಳಿಯಿತು. 25ರಲ್ಲಿ ನಿಧಾನವಾಗಿ ಹೋದದ್ದೇ ಹಪ್ಪಳದ ಹಾಗೆ ಅಲೆ ಎದ್ದಿತು. ಕರೆಂಟ್ ಕಮ್ಮಿಯಿದ್ದರೂ ಒಂದೊಂದು ಜಾಗದಲ್ಲಿ ಜಾಸ್ತಿ ಹೊತ್ತು ನಿಂತದ್ದಕ್ಕೆ ಬಿಸಿ ಅಲ್ಲೇ ಹರಡಿತ್ತು. ಹಾಗಾಗಿ ನನ್ನ ಲೆಕ್ಕ ಈಗ ಇಷ್ಟು: ಡೊಂಕು ಗೆರೆಗೆ 25, ಪಟ್ಟಿ ಹಿಡಿದ ನೇರ ಗೆರೆಗೆ 35ರ ಮೇಲೆ. ಪಟ್ಟಿ ಇಡುವಾಗ ಟಾರ್ಚಿನ ತುದಿಯ ಅರ್ಧ ಅಗಲದಷ್ಟು ದೂರ ಬಿಡಬೇಕು. ಮೊದಲ ತುಂಡಿನಲ್ಲಿ ನಾನು ಮರೆತೆ. ಅದು ಯಾವ ಕೆಲಸಕ್ಕೂ ಬರಲಿಲ್ಲ.

ತುದಿಯನ್ನು ತಗಡಿಗೆ ತಾಗಿಸಿ ಎಳೆಯುವುದೋ, ಎತ್ತಿ ಹಿಡಿಯುವುದೋ? ಇದಕ್ಕೆ ಹೆಚ್ಚು ಮಾತು ಬೇಡ. ತಾಗಿಸಿ ಎಳೆಯಲು ಸುಲಭ, ಕೈ ನಡುಗುವುದಿಲ್ಲ. ಆದರೆ ಅದಕ್ಕೆಂದೇ ಮಾಡಿದ ನಾಝಲ್ (ಆರ್ಕ್ ಹೊರಬರುವ ಸಣ್ಣ ತೂತಿನ ತುದಿ) ಅಥವಾ ರಕ್ಷಣೆಯ ಕಪ್ ಇರಬೇಕು. ಮಾಮೂಲಿ ನಾಝಲನ್ನು 40 ಆಂಪಿಯರ್‌ನಲ್ಲಿ ಲೋಹಕ್ಕೆ ಒತ್ತಿ ಎಳೆದೆ. ಕೆಲವೇ ಕಟ್‌ಗಳಲ್ಲಿ ತೂತು ಮೊಟ್ಟೆಯಾಕಾರ ಆಯಿತು. ಅಲ್ಲಿಂದಾಚೆ ಪ್ರತಿ ಅಂಚೂ ಓರೆ. ಈಗ 2 ಮಿಮೀಯಷ್ಟು ಎತ್ತಿ ಹಿಡಿಯುತ್ತೇನೆ. ತಂತಿ ಬಗ್ಗಿಸಿ ಮಾಡಿದ ಚಿಕ್ಕ ಊರುಗೋಲು ಟಾರ್ಚಿಗೆ ಸಿಕ್ಕಿಸಿದ್ದೇನೆ.

3 ಮಿಮೀಯಲ್ಲಿ ಕರೆಂಟಿನ ವಾದವೇ ಇಲ್ಲ, 35ರಿಂದ 40. ಇಲ್ಲಿ ಹೋಲಿಸಬೇಕಾದದ್ದು ಕೈಯ ಓಟ. ಮೂರು ಕಟ್ ಎಳೆದೆ: ನಿಧಾನ, ನಡುಗತಿ, ಜೋರು. ನಿಧಾನದ್ದರ ಕೆಳಗೆ ದಪ್ಪ ಕಿಟ್ಟ, ಗುಳ್ಳೆಗುಳ್ಳೆಯಾಗಿ. ಉಳಿ ಇಟ್ಟು ಒಂದೇಟು ಕೊಟ್ಟರೆ ಪಟ್ಟಿಯಾಗಿ ಕಳಚಿತು. ಜೋರಿನದ್ದರ ಕೆಳಗೆ ದಾರದಷ್ಟು ಸಣ್ಣ ಕಿಟ್ಟ, ಆದರೆ ಹಟಮಾರಿ. ಗ್ರೈಂಡರ್ ಹಿಡಿಯದೆ ಹೋಗಲಿಲ್ಲ. ಎರಡೂ ಕಿಟ್ಟವೇ, ಆದರೆ ಮದ್ದು ಉಲ್ಟಾ ಉಲ್ಟಾ. ನಾನು ಇಷ್ಟು ದಿನ ಯಾವ ಕಿಟ್ಟ ಕಂಡರೂ ಕೈ ನಿಧಾನ ಮಾಡುತ್ತಿದ್ದೆ. ಎಷ್ಟೋ ಸಲ ಬೇಕಿದ್ದದ್ದು ಓಟ.

ಕತ್ತರಿಸುವಾಗಲೇ ಇದನ್ನು ಹಿಡಿಯುವುದು ಹೇಗೆ? ತಗಡಿನ ಕೆಳಗೆ ಬೀಳುವ ಕಿಡಿ ನೋಡಬೇಕು. ನೇರ ಕೆಳಗೆ ಸುರಿದರೆ ಕೈ ನಿಧಾನ. 15–20 ಡಿಗ್ರಿಯಷ್ಟು ಹಿಂದಕ್ಕೆ ವಾಲಿದ್ದರೆ ಸರಿ. ಮೇಲಕ್ಕೆ ಚಿಮ್ಮಿದರೆ ಆರ್ಕ್ ಪೂರ್ತಿ ಕೆಳಗೆ ಇಳಿದೇ ಇಲ್ಲ. ಇದಕ್ಕಾಗಿ ಬಗ್ಗಿ ನೋಡುತ್ತೇವೆ ಅಲ್ವಾ, ಹಾಗಾಗಿ ಕಣ್ಣಿಗೆ ಸರಿಯಾದ ಕಪ್ಪು ಗಾಜು ಬೇಕೇ ಬೇಕು. 40 ಆಂಪಿಯರ್‌ವರೆಗೆ ಶೇಡ್ (ಗಾಜು ಎಷ್ಟು ಕಪ್ಪು ಅನ್ನುವ ಅಂಕಿ) 5. ಬಿಸಿಲಿನ ಕನ್ನಡಕ ಇದಕ್ಕೆ ಬರುವುದಿಲ್ಲ. ಸತುವಿನ ಲೇಪ ಇರುವ ತಗಡನ್ನು ಮುಚ್ಚಿದ ಕೋಣೆಯಲ್ಲಿ ಕತ್ತರಿಸುವ ಮಾತೇ ಬೇಡ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

6 ಮಿಮೀಗೆ ಆಯ್ಕೆಯೇ ಇಲ್ಲ. ಕರೆಂಟಿನ ಗುಂಡಿ ಕೊನೆವರೆಗೆ, ಅಂಚಿನಿಂದ ಶುರು. ನಡುವೆ ತೂತು ಮಾಡಲೇಬೇಕಾದರೆ ಟಾರ್ಚನ್ನು ವಾಲಿಸಿ ಹೊತ್ತಿಸಿ, ಕಿಡಿ ಕೆಳಗೆ ದಾಟಿದ ಮೇಲೆ ನೆಟ್ಟಗೆ ಮಾಡುತ್ತೇನೆ. ನೆಟ್ಟಗೇ ಹಿಡಿದು ಶುರು ಮಾಡಿದರೆ ಕರಗಿದ ಕಬ್ಬಿಣ ವಾಪಸ್ ಚಿಮ್ಮಿ ನಾಝಲ್‌ಗೆ ಅಂಟುತ್ತದೆ. ಕತ್ತರಿಸಿದ ಅಂಚಿಗೆ ವೆಲ್ಡ್ ಮಾಡುವುದಿದ್ದರೆ ಮೊದಲು ಗ್ರೈಂಡರ್‌ನಲ್ಲಿ ಒಂದು ಪದರ ತೆಗೆಯಬೇಕು. ಗಾಳಿಯ ನೈಟ್ರೋಜನ್ ಆ ಅಂಚಿಗೆ ಸೇರಿರುತ್ತದೆ, ಹಾಗೇ ಬಿಟ್ಟರೆ ವೆಲ್ಡ್ ತುಂಬಾ ಸೂಜಿತೂತು.

ಎಲ್ಲ ತುಂಡು ಜೋಡಿಸಿ ನೋಡುವಾಗ ಇನ್ನೊಂದು ಕಂಡಿತು, ಇದನ್ನು ನಾನು ಹುಡುಕಿರಲೇ ಇಲ್ಲ. ಪ್ರತಿ ಕಟ್‌ನಲ್ಲೂ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಓರೆ. ನನ್ನ ಮಣಿಕಟ್ಟು ಸೊಟ್ಟ ಅಂದುಕೊಂಡಿದ್ದೆ. ಸುಮ್ನೆ ಬೈದುಕೊಂಡದ್ದೇ ಬಂತು. ಟಾರ್ಚಿನೊಳಗೆ ಗಾಳಿ ಸುತ್ತುತ್ತಾ ಬರುತ್ತದೆ. ಹೆಚ್ಚಿನ ಟಾರ್ಚ್‌ಗಳಲ್ಲಿ ಅದು ಪ್ರದಕ್ಷಿಣೆಯಾಗಿ ಸುತ್ತುವುದರಿಂದ, ನಾವು ಸಾಗುವ ದಿಕ್ಕಿನ ಬಲಗಡೆಯ ಅಂಚು ನೆಟ್ಟಗೆ ಬರುತ್ತದೆ. ಬಿಲ್ಲೆ ಬೇಕಾದರೆ ಪ್ರದಕ್ಷಿಣೆ, ತೂತು ಬೇಕಾದರೆ ಅಪ್ರದಕ್ಷಿಣೆ. ಈಗ ಗೀಟು ಹಾಕಿದ ತಕ್ಷಣ ಬಿಸಾಡುವ ಕಡೆಗೆ ಸೀಮೆಸುಣ್ಣದಲ್ಲಿ ಒಂದು ಅಡ್ಡ ಗುರುತು ಹಾಕುತ್ತೇನೆ, ಆ ಗುರುತು ಎಡಕ್ಕೆ ಬರುವ ಹಾಗೆ ನಿಲ್ಲುತ್ತೇನೆ.