ಮೂರನೇ ಕೂಗು ಬರಲಿಲ್ಲ: ವರ್ಸೋವಾದ ಒಂದು ಎಡಿಟ್ ರೂಮ್

ಮುಂಬೈನ ವರ್ಸೋವಾದಲ್ಲಿ, ಆರಾಮ್ ನಗರದ ಹತ್ತಿರ ಗಂಟೆ ಲೆಕ್ಕದಲ್ಲಿ ಸಿನಿಮಾ ಎಡಿಟ್ ರೂಮ್ ಬಾಡಿಗೆಗೆ ಸಿಗುತ್ತದೆ. ಹೋದ ತಿಂಗಳು ಎರಡು ಭಾನುವಾರ ಅಂಥದ್ದೊಂದರಲ್ಲಿ ಕೂತಿದ್ದೆ. ಹೆಸರು ಬರೆಯುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಎಡಿಟರ್ ಸೇರಿ ಗಂಟೆಗೆ 900 ರೂಪಾಯಿ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೊ ಹಿಡಿದು ಕೊನೆಯ ಸ್ಟೇಷನ್, ಆಮೇಲೆ ಆಟೊ.

ನನ್ನ ಕಿರುಚಿತ್ರದ ಕಥೆ ಇಷ್ಟೇ. ಒಂಟಿಯಾಗಿರುವ ಒಬ್ಬ ಕೊನೆಯ ಲೋಕಲ್‌ನಲ್ಲಿ ಮನೆಗೆ ಬರುತ್ತಾನೆ. ಬಾಗಿಲ ಬೀಗ ತೆಗೆದಿದೆ. ಒಳಗೆ ಯಾರೋ ಅಡುಗೆ ಮಾಡುತ್ತಿದ್ದಾರೆ. ನಾನೇ ಜೋಡಿಸಿದಾಗ 11 ನಿಮಿಷ ಬಂದಿತ್ತು. ನೋಡುತ್ತಿದ್ದ ಹೆಂಡತಿ ನಡುವೆ ಎದ್ದು ಹೋಗಿ ಹಾಲು ಕಾಸಿ ಬಂದಳು.

ಎಡಿಟರ್ ಪುಣೆಯ ಹುಡುಗ. ಕನ್ನಡ ಒಂದಕ್ಷರ ಬಾರದು. ಇದೇನಪ್ಪಾ ಗತಿ ಅಂದುಕೊಂಡೆ. ಅವನು ಮೊದಲು ಮಾಡಿದ್ದೇ ಸೌಂಡ್ ಪೂರ್ತಿ ಆಫ್. ಮಾತಿಲ್ಲದೆ ನೋಡಿದರೆ, ನಟನ ಕಣ್ಣು ಎತ್ತ ಹೋಗುತ್ತಿದೆ ಅನ್ನುವುದೇ ಕಥೆ ಹೇಳುತ್ತಿತ್ತು. ‘ಅಯ್ಯೋ, ಬೀಗ ತೆಗೆದಿದೆಯಲ್ಲ!’ ಅನ್ನುವ ನನ್ನ ಪ್ರೀತಿಯ ಡೈಲಾಗ್ ಹಾರಿಹೋಯಿತು. ಒಂದೂವರೆ ಸೆಕೆಂಡ್ ಇದ್ದ ಬೀಗದ ಶಾಟ್ ಐದು ಸೆಕೆಂಡ್ ಆಯಿತು. ಕಟ್ ಜಾಸ್ತಿಯಾದಷ್ಟೂ ಭಯ ಜಾಸ್ತಿ ಅಂದುಕೊಂಡವನು ನಾನು. ಇವನು ಕಟ್ ಮಾಡದೆಯೇ ಬೆವರಿಳಿಸಿದ.

ಆಮೇಲೆ ಕುಕ್ಕರ್. ನಾನು ಬಾಗಿಲು ತೆರೆದ ಮೇಲೆ ಕೂಗಿಸಿದ್ದೆ. ಅವನು ಆ ಸದ್ದನ್ನು ಹಿಂದಕ್ಕೆ ಎಳೆದು ಮೆಟ್ಟಿಲಿನ ಶಾಟ್ ಕೆಳಗೆ ಇಟ್ಟ. ಹೀಗೆ ಚಿತ್ರಕ್ಕಿಂತ ಮೊದಲು ಸದ್ದು ಬಂದರೆ ಅದು ಜೆ ಕಟ್. ಟೈಮ್‌ಲೈನಿನಲ್ಲಿ, ಅಂದರೆ ಚಿತ್ರ ಮೇಲೆ ಸದ್ದು ಕೆಳಗೆ ಜೋಡಿಸುವ ಪಟ್ಟಿಯಲ್ಲಿ, ಸದ್ದಿನ ತುಂಡು ಕೆಳಗಡೆ ಎಡಕ್ಕೆ ಚಾಚಿಕೊಂಡು ಇಂಗ್ಲಿಷಿನ ಜೆ ಅಕ್ಷರದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಮೆಟ್ಟಿಲು ಹತ್ತುವಾಗ ಒಂದು ಕೂಗು. ಬಾಗಿಲ ಮುಂದೆ ಎರಡನೆಯದು. ಅನ್ನಕ್ಕೆ ಮೂರು ಕೂಗು, ಅಲ್ವಾ? ಕಾಯುತ್ತೇವೆ. ಅದು ಬರುವುದೇ ಇಲ್ಲ. ಒಳಗೆ ಯಾರೋ ಗ್ಯಾಸ್ ಆರಿಸಿದ್ದಾರೆ.

ಇಲ್ಲೇ ಜಗಳವಾಯಿತು. ಗ್ಯಾಸ್ ಆರಿಸುವ ಕೈಯನ್ನು ಈಗಲೇ ತೋರಿಸೋಣ ಅಂತ ಅವನು. ಬಾಗಿಲು ತೆರೆದ ಮೇಲೆ ಕಾಣಲಿ ಅಂತ ನಾನು. ಅವನು ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್‌ನ ಹಳೇ ಉದಾಹರಣೆ ತೆಗೆದ: ಮೇಜಿನ ಕೆಳಗಿನ ಬಾಂಬ್ ದಿಢೀರನೆ ಸಿಡಿದರೆ 15 ಸೆಕೆಂಡಿನ ಅಚ್ಚರಿ, ನೋಡುವವರಿಗೆ ಮೊದಲೇ ಗೊತ್ತಿದ್ದರೆ 15 ನಿಮಿಷದ ಸಸ್ಪೆನ್ಸ್. ಸೋತೆ. ಕೈ, ಚಿಲಕ, ಕೈ, ಮುಖ ಅಂತ ಒಳಗೂ ಹೊರಗೂ ಅದಲುಬದಲು ಕತ್ತರಿಸಿದ. ಪ್ರತಿ ಶಾಟೂ ಹಿಂದಿನದಕ್ಕಿಂತ ಏಳೆಂಟು ಫ್ರೇಮ್ ಚಿಕ್ಕದು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೂ ಚಿಲಕ ಸರಿಯುವ ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಕಥೆ ಬರೆದವನೇ ನಾನು!

ಈಗ ತಕರಾರು. ರೂಮಿನ ಏಸಿ, ಲಾರಿಯ ಹಾಗೆ ಸದ್ದು ಮಾಡುತ್ತದೆ. ನಾವು ಮೌನ ಅಂತ ಬಿಟ್ಟ ಜಾಗದಲ್ಲೆಲ್ಲ ಶೂಟಿಂಗ್ ದಿನದ ಫ್ಯಾನ್ ಗುಂಯ್ ಅನ್ನುತ್ತಿತ್ತು. ಅದು ಕೇಳಿಸಿದ್ದು ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡ ಮೇಲೆ. ಕನ್ನಡ ಟೈಟಲ್‌ನ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಮಾಲೀಕರು ಪೂರ್ತಿ ಒಂದು ಗಂಟೆಯ ದುಡ್ಡು ತಗೊಂಡರು. ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗನಿಗೆ ಐದಕ್ಕೆ ಐದು, ರೂಮಿಗೆ ಎರಡು. ಹೋಗುವವರು ಹೆಡ್‌ಫೋನ್ ಒಯ್ಯಿರಿ.

ಈಗ ಚಿತ್ರ ಏಳು ನಿಮಿಷ ಇದೆ. ಹೆಂಡತಿ ಈ ಸಲ ಎದ್ದು ಹೋಗಲಿಲ್ಲ. ಎರಡನೇ ಕೂಗಾದ ಮೇಲೆ ನಮ್ಮ ಅಡುಗೆಮನೆ ಕಡೆ ಒಮ್ಮೆ ತಿರುಗಿ ನೋಡಿದಳು.